ಮೊಜಾರ್ಟನ ಹಾರ್ನ್ ಕ್ವಿಂಟೆಟ್: ಅಂಗೈಯ ಕೆಲಸ

ಪ್ರಶ್ನೆ: ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯಕ್ಕೂ ನಾಲ್ಕು ತಂತಿವಾದ್ಯಗಳಿಗೂ ಬರೆದ ಮೊಜಾರ್ಟನ ಹಾರ್ನ್ ಕ್ವಿಂಟೆಟ್ (ಕೃತಿಪಟ್ಟಿಯ ಸಂಖ್ಯೆ ಕೆ. 407) ಅನ್ನು ವಾಲ್ವ್ (ಕೊಳವೆಯ ಉದ್ದ ಬದಲಿಸುವ ಕೀಲಿ) ಇಲ್ಲದ ಹಳೆಯ ಹಾರ್ನಿನಲ್ಲಿ ಕೇಳಿದೆ. ಕೆಲವು ಸ್ವರಗಳು ಮೂಗು ಕಟ್ಟಿದಂತೆ ಕೇಳಿಸಿದವು. ವಾದಕರ ತಪ್ಪೇ? ನನ್ನ ಡಬಲ್ ಹಾರ್ನಿನಲ್ಲಿ (ಎಫ್ ಮತ್ತು ಬಿ ಫ್ಲ್ಯಾಟ್ ಎಂಬ ಎರಡು ಬದಿಗಳಿರುವ ಇಂದಿನ ಹಾರ್ನ್) ಇದನ್ನು ಅಭ್ಯಾಸ ಮಾಡಬಹುದೇ?

ಉತ್ತರ: ತಪ್ಪಲ್ಲ, ಆ ಕಾಲದ ನುಡಿಸಾಣಿಕೆಯೇ ಹಾಗೆ. ಮೊಜಾರ್ಟ್ ಈ ಕೃತಿಯನ್ನು 1782ರ ಸುಮಾರಿಗೆ ಬರೆದದ್ದು ಗೆಳೆಯ ಜೋಸೆಫ್ ಲಾಯ್ಟ್‌ಗೆಬ್‌ನಿಗಾಗಿ (1732–1811). ಸಾಲ್ಜ್‌ಬರ್ಗ್ ಆಸ್ಥಾನದಲ್ಲಿದ್ದ ಆತ 1777ರಲ್ಲಿ ವಿಯೆನ್ನಾಕ್ಕೆ ಹೋದ. 1770ರಲ್ಲಿ ಪ್ಯಾರಿಸ್ಸಿನಲ್ಲಿ ಅವನಿಗೆ ಮೆಚ್ಚುಗೆ ಸಿಕ್ಕಿದ್ದು ವಿಳಂಬ ಭಾಗಗಳನ್ನು ಹಾಡಿದಂತೆ ನುಡಿಸಿದ್ದಕ್ಕೆ.

ಈ ಕೃತಿಯ ಮೂಲ ಸ್ವರ ಇ ಫ್ಲ್ಯಾಟ್. ಅದಕ್ಕೆ ಬೇಕಾದ ಇ ಫ್ಲ್ಯಾಟ್ ಹಾರ್ನ್ ಎಂದರೆ 4 ಮೀಟರಿಗೂ ಮಿಕ್ಕ ಕೊಳವೆ. ತುಟಿಯ ಬಿಗಿತದಿಂದ ಹಾರ್ಮೋನಿಕ್‌ಗಳಷ್ಟೇ (ಒಂದೇ ಕೊಳವೆಯಲ್ಲಿ ಸಹಜವಾಗಿ ಹುಟ್ಟುವ ಸ್ವರಗಳು; ಕೆಳಗಿನಿಂದ 1, 2, 3 ಎಂದು ಎಣಿಸುತ್ತಾರೆ) ಸಿಗುತ್ತವೆ. 8ನೆಯದನ್ನು ಷಡ್ಜ ಎಂದಿಟ್ಟುಕೊಂಡರೆ 9, 10, 12 ಕ್ರಮವಾಗಿ ರಿ, ಗ, ಪ. ತೊಂದರೆ 11ರದ್ದು: ಅದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ನಿಲ್ಲುತ್ತದೆ. ಬೆಲ್‌ನೊಳಗಿನ (ಹಾರ್ನಿನ ಅಗಲ ಬಾಯೊಳಗಿನ) ಅಂಗೈಯನ್ನು ಅರೆ ಮುಚ್ಚಿದರೆ ಸ್ವರ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ, ನಾದವೂ ಮಸುಕಾಗುತ್ತದೆ. ನೀವು ಕೇಳಿದ್ದು ಅದನ್ನೇ. ಎರಡನೆಯ ಭಾಗ ಬಿ ಫ್ಲ್ಯಾಟ್‌ನಲ್ಲಿದೆ, ಹಾರ್ನ್ ಮಾತ್ರ ಇ ಫ್ಲ್ಯಾಟ್‌ನದೇ. ಅಲ್ಲಿ ಬೇಕಾದದ್ದು ಪ್ರತಿ ಮಧ್ಯಮ: 11ಕ್ಕೆ ಕೈ ತೆರೆದು ಏರಿಸಬೇಕು, ಇಲ್ಲವೇ 12ನ್ನು ಕೈಯಿಂದ ಇಳಿಸಬೇಕು. ಜೊತೆಗಿರುವುದು ಒಂದು ವಯೊಲಿನ್, ಎರಡು ವಯೋಲಾ, ಒಂದು ಚೆಲ್ಲೊ. ನಡುಸ್ಥಾಯಿ ತುಂಬಿಕೊಂಡಿರುವ ಈ ಮೇಳದಲ್ಲಿ ಮಸುಕು ಸ್ವರಗಳು ಒರಟಾಗಿ ಎದ್ದು ಕಾಣುವುದಿಲ್ಲ. ಬಹಳ ಜಾಣ ಆಯ್ಕೆ ಅದು.

ನಿಮ್ಮ ಹಾರ್ನಿನ ಎಫ್ ಬದಿಯಲ್ಲಿ ಮೊದಲ ವಾಲ್ವ್ ಒತ್ತಿ ಹಿಡಿಯಿರಿ. ಅದೇ ಇ ಫ್ಲ್ಯಾಟ್ ಹಾರ್ನ್. ವಾಲ್ವ್ ಬಿಡದೆ 8ರಿಂದ 12ರವರೆಗೆ ನಿಧಾನವಾಗಿ ಹತ್ತಿ. 11ರಲ್ಲಿ ಬೆರಳು ಜೋಡಿಸಿ, ಕೈಯ ಹಿಂಬದಿಯನ್ನು ಬೆಲ್‌ಗೆ ತಾಗಿಸಿಯೇ ಇಟ್ಟು, ಟ್ಯೂನರ್ ಎ ಫ್ಲ್ಯಾಟ್ (ಇಲ್ಲಿನ ಶುದ್ಧ ಮಧ್ಯಮ) ತೋರಿಸುವವರೆಗೆ ಅಂಗೈಯನ್ನಷ್ಟೇ ಮಡಚಿ. ಬೆರಳ ಸಂದು ಬಿಟ್ಟರೆ ಶ್ರುತಿ ಅಲುಗುತ್ತದೆ. ಕೈ ತಡವಾದರೆ ಜಾರು ಕೇಳಿಸುತ್ತದೆ. ಪೂರ್ತಿ ಮುಚ್ಚಿಬಿಟ್ಟರೆ ಸ್ವರ ಇಳಿಯುವ ಬದಲು ಮೇಲಕ್ಕೆ ಹಾರಿ ಕರ್ಕಶವಾಗುತ್ತದೆ. ಮುಚ್ಚಿದ ಸ್ವರಕ್ಕೆ ಉಸಿರು ಹೆಚ್ಚು ಬೇಕು; ಮುಂದಿನ ತೆರೆದ ಸ್ವರವನ್ನು ಮೆದುವಾಗಿ ಹಿಡಿಯಿರಿ. ಎರಡೂ ಸಮನಾಗುವುದು ಉಸಿರಿನಿಂದ, ಕೈಯಿಂದಲ್ಲ.

ನೇರವಾಗಿ ಕ್ವಿಂಟೆಟ್‌ಗೆ ಕೈಹಾಕಬೇಡಿ. ಮೊದಲು ಮೊಜಾರ್ಟನದೇ 1791ರ ಡಿ ಮೇಜರ್ ಕಾನ್ಸರ್ಟೊ (ಹಾರ್ನ್ ಮತ್ತು ವಾದ್ಯವೃಂದದ ಕೃತಿ, ಕೆ. 412) ಹಿಡಿಯಿರಿ. ಲಾಯ್ಟ್‌ಗೆಬ್‌ಗೆ ಆಗ ಅರವತ್ತರ ಹತ್ತಿರ. ತೀರಾ ಮೇಲಿನ, ತೀರಾ ಕೆಳಗಿನ ಸ್ವರಗಳು ಅದರಲ್ಲಿಲ್ಲ. 1 ಮತ್ತು 2ನೇ ವಾಲ್ವ್ ಒಟ್ಟಿಗೆ ಒತ್ತಿ ಹಿಡಿದರೆ ಡಿ ಹಾರ್ನ್ ಸಿಗುತ್ತದೆ.