ಸೋರುವುದು ಕಲ್ಲೋ, ಕೊರೆದ ತೂತೋ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಕಾರ್ಖಾನೆಯ ಇಂಗಾಲದ ಡೈಆಕ್ಸೈಡನ್ನು ನೆಲದಡಿ ತುಂಬಿಡುವ ಬಗ್ಗೆ ಹೋದ ತಿಂಗಳು ಲೇಖನ ಹಾಕಿದ್ದೀರಿ. ಗೋಲಿ ಸೋಡಾದಲ್ಲಿ ಬುಸ್ ಅಂತ ಬರುವ ಗಾಳಿ ಅದೇ ಅಲ್ವಾ? ಲಕ್ಷಗಟ್ಟಲೆ ಟನ್ ತುಂಬಿದರೆ ಒಂದು ದಿನ ಹೊರಗೆ ಬರದೆ ಇರುತ್ತದೆಯೇ? ನಮ್ಮ ತೋಟದಲ್ಲೇ ಮೂರು ಬೋರ್ ಇವೆ, ಎರಡು ಒಣಗಿವೆ. ನಾಳೆ ನಮ್ಮ ಗುಡ್ಡದಡಿಯೂ ತುಂಬಿದರೆ ಗತಿ ಏನು?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಮ್ಮ ಗುಡ್ಡದಡಿ ಅದನ್ನು ತುಂಬಲು ಜಾಗವೇ ಇಲ್ಲ. ಶಿವಮೊಗ್ಗ ಸೀಮೆಯ ಕೆಳಗಿರುವುದು 250 ಕೋಟಿ ವರ್ಷಕ್ಕೂ ಹಳೆಯದಾದ ನೈಸ್ ಮತ್ತು ಶಿಸ್ಟ್ ಕಲ್ಲು. ಅದು ಗಟ್ಟಿ, ಒಳಗೆ ರಂಧ್ರವಿಲ್ಲ. ನಿಮ್ಮ ಬೋರಿಗೆ ನೀರು ಬಂದದ್ದೂ ಬಿರುಕಿನಿಂದಲೇ. ಮೇಲಿನ ಜಂಬಿಟ್ಟಿಗೆಯಲ್ಲಿ ತೂತು ಬೇಕಾದಷ್ಟಿವೆ, ಆದರೆ ಅದಕ್ಕೆ ಮುಚ್ಚಳ ಇಲ್ಲ. ತುಂಬುವ ಜಾಗಕ್ಕೆ ಎರಡೂ ಬೇಕು. ಸ್ಪಂಜಿನಂತೆ ಹೀರುವ ಮರಳುಗಲ್ಲು ಕೆಳಗೆ, ಹನಿಯನ್ನೂ ಬಿಡದ ಜೇಡಿಗಲ್ಲು ಮೇಲೆ.

ಈಗ ಸೋಡಾ ವಿಷಯ. ನಿಮ್ಮ ಹೋಲಿಕೆ ಅರ್ಧ ಸರಿ. ಗಾಳಿ ಅದೇ. ಆದರೆ ನೆಲದಡಿ ಬಾಟಲಿಯಂಥ ಟೊಳ್ಳು ಇರುವುದಿಲ್ಲ. ಸಾಮಾನ್ಯವಾಗಿ 800 ಮೀಟರಿಗಿಂತ ಆಳದಲ್ಲಿ, ಉಪ್ಪುನೀರು ತುಂಬಿದ ಮರಳುಗಲ್ಲಿನ ರಂಧ್ರಗಳೊಳಗೆ ಅದನ್ನು ಒತ್ತುತ್ತಾರೆ. ಅಷ್ಟು ಆಳದ ಒತ್ತಡ ಮತ್ತು ಬಿಸಿಗೆ ಅದು ಪೂರ್ತಿ ಗಾಳಿಯೂ ಅಲ್ಲದ, ಪೂರ್ತಿ ದ್ರವವೂ ಅಲ್ಲದ ಸ್ಥಿತಿಗೆ ಬಂದು, ಮೇಲಿದ್ದಾಗಿನ ಗಾತ್ರದ ಮುನ್ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗುತ್ತದೆ. ಆದರೂ ಉಪ್ಪುನೀರಿಗಿಂತ ಹಗುರ. ಹಾಗಾಗಿ ಮೇಲಕ್ಕೆ ಏರಿ ಮುಚ್ಚಳದ ಕಲ್ಲಿಗೆ ಒತ್ತುತ್ತದೆ. ತುಂಬುತ್ತಿರುವ ವರ್ಷಗಳಲ್ಲೇ ಭಯ ಜಾಸ್ತಿ. ಆಮೇಲೆ ಒಂದಷ್ಟು ಅನಿಲ, ಹಿಂಡಿದ ಬಟ್ಟೆಯಲ್ಲಿ ಉಳಿಯುವ ನೀರಿನ ಹಾಗೆ, ರಂಧ್ರಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದಷ್ಟು ಉಪ್ಪುನೀರಿನಲ್ಲಿ ಕರಗುತ್ತದೆ. ಆ ನೀರು ಭಾರವಾಗಿ ಕೆಳಗಿಳಿಯುತ್ತದೆ. ಸುತ್ತಲಿನ ಕಲ್ಲಿನ ಖನಿಜಗಳ ಜೊತೆ ಸೇರಿ ಅನಿಲವೇ ಕಲ್ಲಾಗುವುದು ಕೊನೆಗೆ, ಬಹಳ ನಿಧಾನಕ್ಕೆ.

ನಾರ್ವೆಯವರು ಉತ್ತರ ಸಮುದ್ರದ ಸ್ಲೈಪ್ನರ್ ಎಂಬಲ್ಲಿ 1996ರಿಂದ ಹೀಗೆ ತುಂಬಿದ್ದಾರೆ, ಮೊದಲ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್ನಿನಂತೆ. ಅಲ್ಲಿಂದ ಸೋರಿದ್ದು ಕಂಡಿಲ್ಲ.

ಹಾಗಾದರೆ ಅಪಾಯ ಎಲ್ಲಿ? ನಮ್ಮ ಮನೆಯಲ್ಲೇ ಆದದ್ದು ಕೇಳಿ. ಬೋರ್ ಕೊರೆದವರು ಕೇಸಿಂಗ್ ಪೈಪು ಇಳಿಸಿದರು. ಸುತ್ತಲಿನ ಸಂದಿಗೆ ಸಿಮೆಂಟ್ ಹಾಕಲಿಲ್ಲ. ಸುಮ್ನೆ ಮಣ್ಣು ಎಳೆದು ಹೋದರು. ಮೊದಲ ಮಳೆಗಾಲಕ್ಕೇ ನಲ್ಲಿಯಲ್ಲಿ ಕೆಂಪು ನೀರು! ಕಲ್ಲು ಚೆನ್ನಾಗಿಯೇ ಇತ್ತು, ದಾರಿ ಕೊಟ್ಟದ್ದು ಪೈಪಿನ ಪಕ್ಕದ ಆ ಬೆರಳಗಲದ ಸಂದಿ. ಇಂಗಾಲದ ಡೈಆಕ್ಸೈಡ್ ವಿಷಯದಲ್ಲೂ ಪರಿಣತರು ಮೊದಲು ಬೊಟ್ಟು ಮಾಡುವುದು ಕೊರೆದ ತೂತುಗಳ ಕಡೆಗೇ. ಹಿಂದೆ ಎಣ್ಣೆಗೋ ಅನಿಲಕ್ಕೋ ಕೊರೆದು ಬಿಟ್ಟ ಹಳೆಯ ಬಾವಿಗಳಿರುತ್ತವೆ. ಈ ಅನಿಲ ನೀರಿಗೆ ಸೇರಿದರೆ ನೀರು ಹುಳಿಯಾಗುತ್ತದೆ. ಹುಳಿನೀರು ಸಿಮೆಂಟನ್ನು ನಿಧಾನಕ್ಕೆ ತಿನ್ನುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಅಲ್ಜೀರಿಯಾದ ಇನ್ ಸಲಾದಲ್ಲಿ ಹಾಗೇ ಆಯಿತು. 2004ರಲ್ಲಿ ತುಂಬಲು ಶುರು ಮಾಡಿದರು. 2007ರಲ್ಲಿ ಒಂದು ಹಳೆಯ ಬಾವಿಯ ಬಾಯಿಂದ ಸ್ವಲ್ಪ ಅನಿಲ ಹೊರಬಂತು, ಮುಚ್ಚಿದರು. ಇನ್ನೊಂದು ಸಂಗತಿ ಉಪಗ್ರಹದ ಕಣ್ಣಿಗೆ ಬಿತ್ತು. ಮೇಲಿನ ನೆಲ ವರ್ಷಕ್ಕೆ ಕೆಲವು ಮಿಲಿಮೀಟರ್ ಉಬ್ಬುತ್ತಿತ್ತು. ಮುಚ್ಚಳದ ಕಲ್ಲು ತಡೆಯುತ್ತದೋ ಇಲ್ಲವೋ ಎಂಬ ಅನುಮಾನದಿಂದ 2011ರಲ್ಲಿ ನಿಲ್ಲಿಸಿದರು. ಅಮೆರಿಕದ ಇಲಿನಾಯ್ ರಾಜ್ಯದ ಡೆಕೇಟರಿನದು ಇನ್ನೂ ವಿಚಿತ್ರ. ಅಲ್ಲಿ ಸೋರಿದೆ ಎಂದು 2024ರಲ್ಲಿ ಬಹಿರಂಗವಾಯಿತು. ಸೋರಿದ್ದು ಯಾವ ಬಾವಿಯಿಂದ ಗೊತ್ತಾ? ಸೋರುತ್ತಿದೆಯೇ ಎಂದು ನೋಡಲು ಕೊರೆದ ಬಾವಿಯಿಂದ! ತುಕ್ಕು ಹಿಡಿದಿತ್ತು. ಅನಿಲ ನೆಲದ ಮೇಲೇನೂ ಬರಲಿಲ್ಲ, ಬೇರೆ ಪದರಕ್ಕೆ ಹೋಗಿತ್ತು. ಆದರೂ ಅದು ಸೋರಿಕೆಯೇ.

ಬುಸ್ ಎಂದು ಸ್ಫೋಟವಾಗುತ್ತದೆಯೇ? ಕ್ಯಾಮರೂನಿನ ನ್ಯೋಸ್ ಕೆರೆಯ ಕಥೆ ನೀವು ಕೇಳಿರಬಹುದು. 1986ರ ಆಗಸ್ಟ್ 21ರ ರಾತ್ರಿ ಕೆರೆಯಿಂದ ಈ ಅನಿಲ ಒಮ್ಮೆಲೇ ಎದ್ದು ಸುಮಾರು 1,700 ಜನ ಸತ್ತರು. ಅದು ಜ್ವಾಲಾಮುಖಿಯ ಅನಿಲ ಕೆರೆಯ ತಳದ ನೀರಿನಲ್ಲಿ ಸೇರಿಕೊಂಡದ್ದು. ಅಲ್ಲಿಯೇ ನಿಮ್ಮ ಸೋಡಾ ಹೋಲಿಕೆ ಪೂರ್ತಿ ಸರಿ. ಕಲ್ಲಿನ ರಂಧ್ರದಿಂದ ಹಾಗೆ ಒಮ್ಮೆಲೇ ಬರುವುದು ಕಷ್ಟ. ನನಗೆ ಹೆಚ್ಚು ಅಂಜಿಕೆ ಇರುವುದು ಸಾಗಿಸುವ ಪೈಪಿನ ಬಗ್ಗೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಷಿಯಾ ಎಂಬ ಊರಿನ ಹತ್ತಿರ 2020ರ ಫೆಬ್ರವರಿಯಲ್ಲಿ ಮಳೆಗೆ ಧರೆ ಕುಸಿದು ಇಂಥ ಪೈಪು ಒಡೆಯಿತು. 45 ಜನ ಆಸ್ಪತ್ರೆ ಸೇರಿದರು. ಕಾರುಗಳ ಎಂಜಿನ್ ಸಹ ನಿಂತುಹೋದವಂತೆ, ಉಸಿರಾಡಲು ಅವಕ್ಕೂ ಆಮ್ಲಜನಕ ಬೇಕಲ್ಲ! ಧರೆ ಕುಸಿಯುವುದೇನೆಂದು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಕೂರುತ್ತದೆ. ಹಳೇ ಬಾವಿಗೆ ಇಳಿಯುವ ಮುಂಚೆ ಲಾಟೀನು ಇಳಿಸಿ ನೋಡುತ್ತಿದ್ದುದು ಇದಕ್ಕೇ. (ದೀಪ ಉರಿದರೂ ಧೈರ್ಯ ಮಾಡಬೇಡಿ, ಬೇರೆ ವಿಷಗಾಳಿಗಳೂ ಇರುತ್ತವೆ.)

2005ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಒಂದು ಅಂದಾಜು ಕೊಟ್ಟಿತು. ಚೆನ್ನಾಗಿ ಆರಿಸಿದ, ಚೆನ್ನಾಗಿ ನೋಡಿಕೊಂಡ ಜಾಗದಲ್ಲಿ 100 ವರ್ಷವಾದರೂ ಶೇಕಡ 99ಕ್ಕಿಂತ ಹೆಚ್ಚು ಉಳಿಯುತ್ತದೆ ಎಂದು. ನಾನು ಆ 99ನ್ನು ಅನುಮಾನಿಸುವುದಿಲ್ಲ. 'ಚೆನ್ನಾಗಿ ನೋಡಿಕೊಂಡ' ಎಂಬ ಮಾತೇ ನನ್ನನ್ನು ಕಾಡುವುದು. ವರ್ಷಕ್ಕೆ ನೂರರಲ್ಲಿ ಒಂದೇ ಪಾಲು ಸೋರಿದರೂ 100 ವರ್ಷಕ್ಕೆ 63 ಪಾಲು ಹೊರಗಿರುತ್ತದೆ. ತುಂಬುವುದು ನಿಂತ ಮೇಲೂ 50 ವರ್ಷ ಕಾವಲು ಕಾಯಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ, ಅಧಿಕಾರಿಗಳು ಬೇಕಿದ್ದರೆ ಅದನ್ನು ಬದಲಿಸಬಹುದು. 50 ವರ್ಷದಲ್ಲಿ ಕಂಪನಿ ಉಳಿದಿರುತ್ತದೆಯೇ? ಕಡತ ಉಳಿದಿರುತ್ತದೆಯೇ?

ಐಸ್‌ಲ್ಯಾಂಡಿನವರ ದಾರಿ ನನಗೆ ಹೆಚ್ಚು ಇಷ್ಟ. ಅವರು ಅನಿಲವನ್ನು ಮೊದಲೇ ನೀರಿನಲ್ಲಿ ಕರಗಿಸಿ ಕಪ್ಪು ಬಸಾಲ್ಟ್ ಕಲ್ಲಿಗೆ ಇಳಿಸಿದರು. 2012ರ ಪ್ರಯೋಗದಲ್ಲಿ ಶೇಕಡ 95ರಷ್ಟು ಎರಡೇ ವರ್ಷದಲ್ಲಿ ಕಲ್ಲಾಯಿತು. ಕಲ್ಲಾದದ್ದು ಸೋರುವುದಿಲ್ಲ. ಬೆಳಗಾವಿ, ವಿಜಯಪುರದ ಕಡೆ ಇರುವುದೂ ಬಸಾಲ್ಟೇ. ಆದರೆ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ಆ ಊರುಗಳಲ್ಲಿ ಬೇಸಿಗೆಗೆ ಟ್ಯಾಂಕರ್ ಬರುತ್ತದೆ.

ಅಂದ ಹಾಗೆ, ಒಣಗಿದ ಆ ಎರಡು ಬೋರಿನ ಬಾಯಿ ಮುಚ್ಚಿಸಿದ್ದೀರಾ? ಪತ್ರದಲ್ಲಿ ಬರೆದಿಲ್ಲ.