ವೆಬ್ಲಿಯೋ, ಎನ್‌ಫೀಲ್ಡೋ? ಇರುವ ದುಡ್ಡಿಗೆ ಒಂದೇ ರಿವಾಲ್ವರ್

ಪ್ರಶ್ನೆ: ನಮಸ್ಕಾರ ಸರ್. ನಾನು ವಿರಾಜಪೇಟೆ ಕಡೆಯವನು. ಹದಿನೆಂಟು ವರ್ಷದಿಂದ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇನೆ, ಈಗ ಇಲ್ಲಿನ ಪ್ರಜೆ. ನನ್ನ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದರು, ಸುಬೇದಾರ್ ಆಗಿ ನಿವೃತ್ತರಾದರು. ಸೊಂಟಕ್ಕೆ ‘ವೆಬ್ಲಿ’ ಇತ್ತು ಅಂತ ನಮಗೆಲ್ಲ ಎಷ್ಟೋ ಸಲ ಹೇಳಿದ್ದರು. ಅವರ ನೆನಪಿಗೆ ಅಂಥದ್ದೇ ಒಂದು ಇಟ್ಟುಕೊಳ್ಳಬೇಕು ಅಂತ ಆಸೆ. ಎಲ್ಲಾ ಸೇರಿ 1,000 ಡಾಲರ್ ಮೀರುವ ಹಾಗಿಲ್ಲ, ಮಗಳ ಕಾಲೇಜು ಫೀಸ್ ಇದೆ. ಈಗ ಎರಡು ಕಣ್ಣಿಗೆ ಬಿದ್ದಿವೆ. ಒಂದು 1916ರ ವೆಬ್ಲಿ ಮಾರ್ಕ್ 6, 850 ಡಾಲರ್. ಮಾರುವವರು ‘45 ಎಸಿಪಿ ಗುಂಡನ್ನೇ ಹಾಕಬಹುದು, ಎರಡು ಕ್ಲಿಪ್ ಕೂಡ ಕೊಡ್ತೇನೆ’ ಅಂತಿದ್ದಾರೆ. ಇನ್ನೊಂದು 1935ರ ಎನ್‌ಫೀಲ್ಡ್ ನಂಬರ್ 2, 625 ಡಾಲರ್. ಯಾವುದು ತಗೊಳ್ಳಲಿ? ಮುಂದೆ ಅದನ್ನು ಊರಿಗೆ ತಂದು ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಮನೆಯ ಕೋವಿಗಳ ಜೊತೆ ಇಡಬಹುದಾ? ತಾತನ ಫೋಟೋ, ಎರಡೂ ರಿವಾಲ್ವರ್‌ಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಎನ್‌ಫೀಲ್ಡ್ ತಗೊಳ್ಳಿ. ವೆಬ್ಲಿ ಕೀಳು ಅಂತ ಹೇಳ್ತಿಲ್ಲ, ನನಗೆ ಮಾರ್ಕ್ 6 ಅಂದರೆ ಪ್ರಾಣ. ಆದರೆ ನಿಮಗೆ ತೋರಿಸಿರುವ ಆ ಒಂದು ವೆಬ್ಲಿ ಬೇಡ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

‘45 ಎಸಿಪಿ ಹಾಕಬಹುದು’ ಅನ್ನೋ ಮಾತನ್ನು ಮಾರುವವರು ಹೆಚ್ಚುಗಾರಿಕೆಯ ಹಾಗೆ ಹೇಳ್ತಾರೆ. ಸಂಗ್ರಹಕಾರನ ಕಿವಿಗೆ ಅದು ಕೆಟ್ಟ ಸುದ್ದಿ. ಮಾರ್ಕ್ 6 ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1915ರಲ್ಲಿ. ಅದರ ಗುಂಡು 455 ಅನ್ನುವ ಅಳತೆಯದು. ಎರಡನೇ ಯುದ್ಧ ಮುಗಿದು ವರ್ಷಗಳಾದ ಮೇಲೆ ಇವು ರಾಶಿ ರಾಶಿಯಾಗಿ ಅಮೆರಿಕಕ್ಕೆ ಬಂದವು, ಆದರೆ ಇಲ್ಲಿ 455 ಗುಂಡು ಸುಲಭವಾಗಿ ಸಿಗುತ್ತಿರಲಿಲ್ಲ, 45 ಎಸಿಪಿ ಮಾತ್ರ ಎಲ್ಲ ಅಂಗಡಿಯಲ್ಲೂ ಇತ್ತು, ಹಾಗಾಗಿ ವ್ಯಾಪಾರಿಗಳು ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಉರುಳೆಯ) ಹಿಂಭಾಗವನ್ನು ಯಂತ್ರಕ್ಕೆ ಕೊಟ್ಟು ಒಂದಿಷ್ಟು ಕೆರೆದುಬಿಟ್ಟರು. ಆ ಜಾಗದಲ್ಲಿ ಗುಂಡನ್ನು ಹಿಡಿದಿಡುವ, ಅರ್ಧಚಂದ್ರದ ಆಕಾರದ ತಗಡಿನ ಕ್ಲಿಪ್, ಒಂದೊಂದು ಕ್ಲಿಪ್ಪಿಗೆ ಮೂರು ಗುಂಡು. ಮಾರಾಟಕ್ಕೆ ಅನುಕೂಲವಾಯಿತು, ರಿವಾಲ್ವರ್ ಹಾಳಾಯಿತು. ಕೆರೆದ ಲೋಹ ವಾಪಸ್ ಬರುವುದಿಲ್ಲ.

ನಾನೂ ಹೀಗೇ ಒಂದನ್ನು ಕೊಂಡಿದ್ದೆ. ಓಹಾಯೋದಲ್ಲಿ ಒಂದು ಗನ್ ಶೋ, ಹೊರಗೆ ಹಿಮ, ಒಳಗೆ ನೂರಾರು ಮೇಜು. ಮಾರುತ್ತಿದ್ದವರು ಬಹಳ ವಿಶ್ವಾಸದಿಂದ ಮಾತಾಡಿದರು, ಕ್ಲಿಪ್‌ಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು, ಕೆರೆದ ವಿಷಯ ಬಾಯಿ ಬಿಡಲಿಲ್ಲ. ಮನೆಗೆ ತಂದು ಒಬ್ಬ ಹಿರಿಯ ಸಂಗ್ರಹಕಾರರಿಗೆ ತೋರಿಸಿದೆ. ಅವರು ಏನೂ ಹೇಳದೆ ತಮ್ಮ ಪೆಟ್ಟಿಗೆಯಿಂದ 455ರ ಒಂದು ಖಾಲಿ ತೋಟಾ ತೆಗೆದು ಸಿಲಿಂಡರಿಗೆ ಹಾಕಿ, ಮುಚ್ಚಿ, ಮೂತಿ ಮೇಲೆ ಮಾಡಿ ಕೆಳಗೆ ಮಾಡಿ ಅಲ್ಲಾಡಿಸಿದರು. ಟಕ್ ಟಕ್ ಅಂತ ಹಿಂದೆ ಮುಂದೆ ಜಾರುತ್ತಿತ್ತು, ಸಡಿಲವಾದ ಹಲ್ಲಿನ ಹಾಗೆ. ಹುಟ್ಟಿದಾಗ ಅದು ಯಾವ ಗುಂಡಿಗೆ ಹೇಳಿ ಮಾಡಿಸಿದ ಹಾಗಿತ್ತೋ ಆ ಗುಂಡೇ ಈಗ ಅದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಆ ಸಂಜೆಯ ಸಂಕಟ ಇವತ್ತಿಗೂ ನೆನಪಿದೆ.

ಇದು ಬರೀ ಬೆಲೆ ಬೀಳುವ ವಿಷಯವಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕಾರ್ಖಾನೆಯಿಂದ ಬರುವ ಮಾಮೂಲಿ 45 ಎಸಿಪಿ ಗುಂಡಿನ ಒತ್ತಡ, 455ಕ್ಕೆ ಅಂತ ಮಾಡಿದ ಆ ಹಳೇ ರಿವಾಲ್ವರ್ ತಡೆಯಬೇಕಾದ ಒತ್ತಡಕ್ಕಿಂತ ತುಂಬಾ ಜಾಸ್ತಿ. ನೂರು ವರ್ಷ ದಾಟಿದ ಕಬ್ಬಿಣ. ‘ನಾನು ಹೊಡೆದಿದ್ದೇನೆ, ಏನೂ ಆಗಿಲ್ಲ’ ಅನ್ನುವವರು ಸಿಗುತ್ತಾರೆ, ಅವರ ಮಾತು ಕೇಳಬೇಡಿ. ಕೆರೆದ ವೆಬ್ಲಿ ನಿಮ್ಮ ಕೈಗೆ ಬಂದರೂ ಅದಕ್ಕೆ ಅಂಗಡಿಯ 45 ಎಸಿಪಿ ಹಾಕಬೇಡಿ.

ಇನ್ನು ತಾತನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಅವರು ವೆಬ್ಲಿ ಅಂದದ್ದು ನಿಜ ಇರಬಹುದು, ಆದರೆ ಬರ್ಮಾದ ಹೊತ್ತಿಗೆ ಕಾಲ ಬದಲಾಗಿತ್ತು. ಮಾರ್ಕ್ 6 ಹೆಚ್ಚು ಕಡಿಮೆ 1.1 ಕಿಲೋ ಭಾರ, ಆರು ಇಂಚಿನ ನಳಿಗೆ, ಒದೆತ ಜೋರು. ಮೊದಲನೇ ಯುದ್ಧ ಮುಗಿದ ಮೇಲೆ ಬ್ರಿಟಿಷರು, ಅವಸರದಲ್ಲಿ ತರಬೇತಿ ಕೊಡಬೇಕಾದ ಹುಡುಗರಿಗೆ ಇದು ಕಷ್ಟ, ಹಗುರವಾದ್ದು ಬೇಕು ಅಂತ ತೀರ್ಮಾನಿಸಿ 38 ಅನ್ನುವ ಸಣ್ಣ ಅಳತೆಯ ಗುಂಡಿನ ಕಡೆ ತಿರುಗಿದರು. ಹಾಗೆ ಬಂದದ್ದು ಎನ್‌ಫೀಲ್ಡ್ ನಂಬರ್ 2. ಐದು ಇಂಚಿನ ನಳಿಗೆ, ಮುಕ್ಕಾಲು ಕಿಲೋಗಿಂತ ಚೂರು ಮೇಲೆ. ಹಳೇ ಮಾರ್ಕ್ 6 ಕೂಡ ಎರಡನೇ ಯುದ್ಧದಲ್ಲಿ ಅಲ್ಲಲ್ಲಿ ಇತ್ತು, ಆದರೆ ಸೈನ್ಯದ ಮಾಮೂಲಿ ರಿವಾಲ್ವರ್ 38 ಆಗಿತ್ತು.

ಹಾಗಾದರೆ ವೆಬ್ಲಿ ಅನ್ನೋ ಹೆಸರು ಎಲ್ಲಿಂದ ಬಂತು? ಇಲ್ಲೊಂದು ಕಥೆ ಇದೆ. 38ರ ರಿವಾಲ್ವರ್ ಬೇಕು ಅಂದಾಗ ವೆಬ್ಲಿ ಕಂಪನಿಯೇ ತನ್ನ ಮಾದರಿ ತೋರಿಸಿತ್ತು. ಸರ್ಕಾರ ಅದನ್ನು ನೋಡಿ, ತನ್ನದೇ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಹೆಚ್ಚು ಕಡಿಮೆ ಅಂಥದ್ದನ್ನೇ ಮಾಡಿಸಿಕೊಂಡಿತು. ವೆಬ್ಲಿಯವರು ಬಿಡಲಿಲ್ಲ, ಪರಿಹಾರ ಕೇಳಿದರು, ಕೊನೆಗೆ ಒಂದು ಆಯೋಗ ಅವರಿಗೆ 1,250 ಪೌಂಡ್ ಕೊಡಿಸಿತು. ಅಷ್ಟು ಹೋಲಿಕೆ. ಎರಡನ್ನೂ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರು ಅನ್ನಿಸುತ್ತೆ. ಹೆಬ್ಬೆರಳಲ್ಲಿ ಎಡಗಡೆಯ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತೆ, ಬಾಗುತ್ತಿದ್ದ ಹಾಗೆ ಸಿಲಿಂಡರಿನ ನಡುವಿಂದ ನಕ್ಷತ್ರದ ಆಕಾರದ ಒಂದು ಲೋಹದ ತುಂಡು ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಎತ್ತಿ ಹೊರಹಾಕಿ, ಪಟ್ ಅಂತ ಮತ್ತೆ ಒಳಗೆ ಕೂರುತ್ತೆ. ಹೀಗೆ ಬಾಗುವ ಬ್ರಿಟಿಷ್ ರಿವಾಲ್ವರಿಗೆಲ್ಲ ವೆಬ್ಲಿ ಅನ್ನುವವರು ಇವತ್ತಿಗೂ ಇದ್ದಾರೆ.

ಈಗ ನೀವು ಕಳಿಸಿದ ತಾತನ ಫೋಟೋ. ಅದರ ಹಿಂಭಾಗದಲ್ಲಿ ‘ರಂಗೂನ್ 1945’ ಅಂತ ಪೆನ್ಸಿಲ್ಲಿನಲ್ಲಿ ಬರೆದಿದೆ ಅಂದಿರಿ. ನಾನು ಅದನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದೆ. ತಾತ ಕುರ್ಚಿಯಲ್ಲಿ ಕೂತಿದ್ದಾರೆ, ಹೋಲ್‌ಸ್ಟರಿನ ಮುಚ್ಚಳ ಅರ್ಧ ತೆರೆದಿದೆ, ಹಿಡಿಯ ಮೇಲ್ಭಾಗ ಕಾಣುತ್ತೆ, ಅಲ್ಲಿ ಬಿಲ್ಲೆಯಷ್ಟು ಸಣ್ಣ ಬೆಳಕಿನ ಚುಕ್ಕೆ. ಎನ್‌ಫೀಲ್ಡಿನ ಬಲಗಡೆಯ ಹಿಡಿಯಲ್ಲಿ ಹಿತ್ತಾಳೆಯ ಒಂದು ಗುಂಡನೆಯ ಬಿಲ್ಲೆ ಕೂರಿಸುತ್ತಿದ್ದರು, ಪಡೆಯ ಗುರುತು ಒತ್ತುವುದಕ್ಕೆ. ಫೋಟೋದ ಮೇಲಿನ ಕಲೆಯೂ ಆಗಿರಬಹುದು, ಆಣೆ ಮಾಡಿ ಹೇಳಲ್ಲ. ಆದರೆ ಮಾರ್ಕ್ 6ರ ಹಿಡಿ ಪೂರ್ತಿ ಕಪ್ಪು, ಚೌಕಳಿ ಗೀರಿನದು, ಅದರಲ್ಲಿ ಆ ಥರದ ಬಿಲ್ಲೆ ಇರುತ್ತಿರಲಿಲ್ಲ. ನಿಮ್ಮ ತಾತನ ಸೊಂಟದಲ್ಲಿ ಇದ್ದದ್ದು ಎನ್‌ಫೀಲ್ಡ್ ಅಂತ ನನ್ನ ಮನಸ್ಸು ಹೇಳುತ್ತೆ.

ಮಾರಾಟಕ್ಕಿರುವ ಎನ್‌ಫೀಲ್ಡ್ ಬಗ್ಗೆ ಒಂದು ಖುಷಿಯ ವಿಷಯ. ಅದರ ಹ್ಯಾಮರಿಗೆ (ಗುಂಡಿಗೆ ಬಡಿಯುವ ಹಿಂದಿನ ಸುತ್ತಿಗೆಗೆ) ಹೆಬ್ಬೆರಳಿಟ್ಟು ಹಿಂದಕ್ಕೆಳೆಯುವ ಕೊಕ್ಕೆ ಇನ್ನೂ ಇದೆ! 1938ರಿಂದ ಇದೇ ರಿವಾಲ್ವರಿನ ಕೊಕ್ಕೆ ಇಲ್ಲದ ಮಾದರಿ, ಮಾರ್ಕ್ 1 ಸ್ಟಾರ್, ಬಂತು, ಟ್ಯಾಂಕಿನ ಒಳಗಿನ ಇಕ್ಕಟ್ಟಿನಲ್ಲಿ ಕೊಕ್ಕೆ ಅಲ್ಲಿ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ. ಆಮೇಲೆ ರಿಪೇರಿಗೆ ಬಂದ ಹಳೆಯವಕ್ಕೂ ಕೊಕ್ಕೆ ತೆಗೆದುಬಿಟ್ಟರು. ಹಾಗಾಗಿ 1930ರ ದಶಕದ್ದು, ಕೊಕ್ಕೆ ಉಳಿಸಿಕೊಂಡದ್ದು ಸಿಗುವುದು ಕಡಿಮೆ. ಮಾರುವವರಿಗೆ ಇದರ ಬೆಲೆ ಗೊತ್ತಿಲ್ಲವೇನೋ, ಅಥವಾ ಗೊತ್ತಿದ್ದೂ ಬೇಗ ಮಾರಬೇಕಾಗಿದೆಯೇನೋ. ತಡ ಮಾಡಬೇಡಿ.

ಆದರೂ ದುಡ್ಡು ಕೊಡುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಖಾಲಿ ಇದೆಯಾ ಅಂತ ನೀವೇ ತೆರೆದು ನೋಡುವುದು ಮೊದಲ ಕೆಲಸ, ಎದುರಿಗಿದ್ದವರು ಎಷ್ಟೇ ನಂಬಿಕಸ್ತರಾಗಿರಲಿ. ಬಾಡಿ, ನಳಿಗೆ, ಸಿಲಿಂಡರ್ ಮೂರರ ಮೇಲೂ ಒಂದೇ ನಂಬರ್ ಇರಬೇಕು. ‘ಮಾರ್ಕ್ 1’ ಪಕ್ಕದಲ್ಲಿ ನಕ್ಷತ್ರ ಒತ್ತಿದ್ದರೆ ಅದು ಒಮ್ಮೆ ಬದಲಾಗಿ, ಆಮೇಲೆ ಯಾರೋ ಹಳೇ ಹ್ಯಾಮರ್ ಹುಡುಕಿ ಹಾಕಿದ್ದು, ಆಗ ಬೆಲೆ ಇಳಿಸಿ ಅಂತ ಕೇಳಿ. ಇಲ್ಲೂ ಒಂದು ಮೋಸ ಇದೆ: ಕೆಲವು ಎನ್‌ಫೀಲ್ಡ್‌ಗಳ ಸಿಲಿಂಡರನ್ನು 38 ಸ್ಪೆಷಲ್ ಗುಂಡಿಗೆ ಅಂತ ಕೊರೆದಿರುತ್ತಾರೆ. ಅಂಥದ್ದು ಬೇಡವೇ ಬೇಡ. ಇದರ ಗುಂಡು 38 ಎಸ್ ಅಂಡ್ ಡಬ್ಲ್ಯು ಅನ್ನುವ ಗಿಡ್ಡ ಗುಂಡು, ಅದು ಇಲ್ಲಿ ಈಗಲೂ ತಯಾರಾಗುತ್ತೆ. ಇನ್ನೊಂದು, ಬಾಣದ ಗುರುತನ್ನು ಹುಡುಕಿ. ಬ್ರಿಟಿಷ್ ಸರ್ಕಾರದ ಸ್ವತ್ತಿಗೆಲ್ಲ ಅಗಲವಾದ ಬಾಣ ಒತ್ತುತ್ತಿದ್ದರು. ಎರಡು ಬಾಣದ ಮೊನೆಗಳು ಎದುರುಬದುರು ಕೂಡಿದ್ದರೆ ಸೈನ್ಯ ಅದನ್ನು ಮಾರಿದೆ ಅಂತ ಅರ್ಥ. ಬಾಣದ ಜೊತೆ ‘ಐ’ ಅಕ್ಷರ ಇದ್ದರೆ ಅದು ಭಾರತದ ಸೈನ್ಯದ ಲೆಕ್ಕದಲ್ಲಿದ್ದದ್ದು. ಅದು ಸಿಕ್ಕಿದರೆ ದಯವಿಟ್ಟು ನನಗೆ ಬರೆದು ತಿಳಿಸಿ.

ಉಳಿಯುವ 375 ಡಾಲರಿನಲ್ಲಿ ಮೊದಲು ಬೀಗ ಇರುವ ಗಟ್ಟಿ ಕಬ್ಬಿಣದ ಪೆಟ್ಟಿಗೆ, ಮನೆಯಲ್ಲಿ ಮಗಳಿದ್ದಾಳೆ. ಆಮೇಲೆ 30 ಡಾಲರಿನ ಸಂಗ್ರಹಕಾರರ ಲೈಸೆನ್ಸ್ ಯೋಚಿಸಿ. ಮೂರು ವರ್ಷ ನಡೆಯುತ್ತೆ, 50 ವರ್ಷ ದಾಟಿದ ಮೂಲ ಸ್ಥಿತಿಯ ಬಂದೂಕುಗಳನ್ನು ಬೇರೆ ರಾಜ್ಯದಿಂದ ನೇರ ಮನೆಗೇ ತರಿಸಿಕೊಳ್ಳಬಹುದು, ಬಂದದ್ದು ಹೋದದ್ದು ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಡಬೇಕು. ಮಿಕ್ಕಿದ್ದು ಎತ್ತಿಡಿ. ಮುಂದೆ ಯಾವತ್ತಾದರೂ ಕೆರೆಯದ ಮಾರ್ಕ್ 6 ಎದುರಾದರೆ ಬೇಕಾಗುತ್ತೆ.

ಊರಿಗೆ ತರುವ ವಿಷಯಕ್ಕೆ ಬರೋಣ. ನಿಮ್ಮ ಆಸೆ ಅರ್ಥವಾಗುತ್ತೆ, ತೋಕ್ ಪೂ (ಕೋವಿ ಹೂವು) ಮುಡಿಸಿದ ಕೋವಿಗಳ ಸಾಲಿನಲ್ಲಿ ಅದೂ ಇರಬೇಕು ಅಂತ ಯಾರಿಗೆ ಅನ್ನಿಸಲ್ಲ ಹೇಳಿ. ಆದರೆ ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ, 2029ರವರೆಗೆ ಮುಂದುವರಿದಿರುವುದು, ಊರಿನಲ್ಲಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸಿನದು. ಹೊರದೇಶದಿಂದ ಆಯುಧ ತರುವುದಕ್ಕೆ ಆಯುಧ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಬೇರೆಯೇ ಅನುಮತಿ ಬೇಕು, ಅಮೆರಿಕದಿಂದ ಹೊರಗೆ ಕಳಿಸುವುದಕ್ಕೂ ಇಲ್ಲಿನ ನಿಯಮಗಳಿವೆ. ಲಗೇಜಿನಲ್ಲಿ ಹಾಕಿಕೊಂಡು ಬರುವ ಯೋಚನೆ ಮಾಡಲೇಬೇಡಿ, ಒಂದು ಖಾಲಿ ತೋಟಾ ಬ್ಯಾಗಿನ ಮೂಲೆಯಲ್ಲಿ ಉಳಿದಿದ್ದರೂ ವಿಮಾನ ನಿಲ್ದಾಣದಲ್ಲಿ ಫಜೀತಿ. ಡಲ್ಲಾಸ್‌ನ ಮನೆಯಲ್ಲೇ ಕೈಲ್‌ಪೊಳ್ದ್ ಮಾಡಿ. ಗೋಡೆಯ ಮೇಲೆ ರಂಗೂನಿನ ಫೋಟೋ, ಕೆಳಗೆ ಎನ್‌ಫೀಲ್ಡ್, ಪಕ್ಕದಲ್ಲಿ ಮಗಳು. ಊರಿನವರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ನ್ಯೂಜೆರ್ಸಿಯಲ್ಲಿದ್ದೇನೆ. ನನಗೂ ಒಂದು ಹಳೇ ಪಿಸ್ತೂಲು ಸಂಗ್ರಹಕ್ಕೆ ಅಂತ ತಗೊಳ್ಳಬಹುದಾ? ಗೆಳೆಯನ ಹೆಸರಲ್ಲಿ ಕೊಂಡರೆ?

ಉತ್ತರ: ಗೆಳೆಯನ ಹೆಸರಲ್ಲಿ ಖಂಡಿತ ಬೇಡ, ಅದು ನಿಮಗೂ ಅವರಿಗೂ ಅಪರಾಧ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕನ್ನೂ ಗುಂಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಅಮೆರಿಕದ ಕೇಂದ್ರ ಕಾನೂನು ಹೇಳುತ್ತೆ. ಬೇಟೆ ಲೈಸೆನ್ಸ್ ಇದ್ದವರಿಗೆ ಮುಂತಾಗಿ ಕೆಲವು ವಿನಾಯಿತಿಗಳಿವೆ, ಆದರೆ ರಾಜ್ಯದ ಕಾನೂನು ಅದರ ಮೇಲೆ ಬೇರೆ ಇರುತ್ತೆ, ಒಂದು ತಪ್ಪು ಹೆಜ್ಜೆಗೆ ವೀಸಾನೇ ಹೋಗಬಹುದು. ಗ್ರೀನ್ ಕಾರ್ಡ್ ಬರುವವರೆಗೆ ಕಾಯಿರಿ. ಅಲ್ಲಿಯವರೆಗೆ ಹಳೇ ಹೋಲ್‌ಸ್ಟರ್, ಬೆಲ್ಟು, ಸೈನ್ಯದ ಕೈಪಿಡಿ ಸಂಗ್ರಹಿಸಬಹುದು. 1937ರ ಮಾದರಿಯ ಕ್ಯಾನ್ವಾಸ್ ಬೆಲ್ಟುಗಳ ಒಳಗಡೆ ತಯಾರಾದ ವರ್ಷ ಒತ್ತಿರುತ್ತೆ, ಭಾರತದಲ್ಲಿ ಹೊಲಿದವೂ ಸಿಗುತ್ತವೆ.

ಪ್ರಶ್ನೆ: ಮಾವ ಕೊಟ್ಟ ಹಳೇ ವೆಬ್ಲಿ ಬಣ್ಣ ಮಾಸಿ ಕಂದು ಬಂದಿದೆ. ಪಾಲಿಶ್ ಹಾಕಿಸಿ ಹೊಸದರ ಹಾಗೆ ಮಾಡಿಸಲಾ? (ಸ್ಯಾಕ್ರಮೆಂಟೊ)

ಉತ್ತರ: ಬೇಡ. ಪಾಲಿಶ್ ಹಾಕಿದರೆ ಮೇಲಿನ ಗುರುತುಗಳೆಲ್ಲ ಸವೆದು ಹೋಗುತ್ತವೆ, ಮೂಲ ಬಣ್ಣ ಇದ್ದಷ್ಟೂ ಅದರ ಬೆಲೆ. ಮೆತ್ತನೆಯ ಹತ್ತಿ ಬಟ್ಟೆಗೆ ಎರಡು ಹನಿ ಗನ್ ಎಣ್ಣೆ ಹಾಕಿ ಒರೆಸಿ, ಕೈಯ ಬೆವರು ತಾಗಿದಾಗಲೆಲ್ಲ ಮತ್ತೆ ಒರೆಸಿ. ಚರ್ಮದ ಹೋಲ್‌ಸ್ಟರಿನೊಳಗೆ ಮಾತ್ರ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿಯುತ್ತೆ, ಹದ ಮಾಡಿದ ರಾಸಾಯನಿಕ ಬೇರೆ ಇರುತ್ತೆ, ಆರು ತಿಂಗಳಲ್ಲಿ ತುಕ್ಕು ಕಾಣಿಸಿಕೊಳ್ಳಬಹುದು. ಹೋಲ್‌ಸ್ಟರ್ ಒಂದು ಕಡೆ, ರಿವಾಲ್ವರ್ ಒಂದು ಕಡೆ ಇರಲಿ.