ಮೌಸ್ (ಚಿಕ್ಕ ಇಲಿ) ಕಾಲಿನ ರಕ್ತನಾಳದ ಎಫ್‌ಎಂಡಿ, ಅಂದ್ರೆ ರಕ್ತ ನುಗ್ಗಿದಾಗ ನಾಳ ಎಷ್ಟು ಹಿಗ್ಗುತ್ತೆ ಅನ್ನೋದನ್ನ ನೋಡೋಕೆ 40 ಮೆಗಾಹರ್ಟ್ಜ್ ಅಲ್ಟ್ರಾಸೌಂಡ್ ಪ್ರೋಬ್ ಸಾಕಾ, ಇಲ್ಲ ಇನ್ನೂ ಜಾಸ್ತಿದು ತಗೋಬೇಕಾ?

ಪ್ರೋಬ್ ನಿಮ್ಮ ಸಮಸ್ಯೆನೇ ಅಲ್ಲ ಅನ್ಸುತ್ತೆ ನಂಗೆ. ಒಂದೇ ಗ್ರೂಪಿನ ಇಲಿಗಳಲ್ಲೇ ರಿಸಲ್ಟ್ ಒಂದಕ್ಕೊಂದು ಹೊಂದ್ತಿಲ್ಲ ಅಂತ ಬರ್ದಿದೀರಲ್ಲ, ಪಿಎಚ್‌ಡಿ ಮಾಡುವಾಗ ನಂದೂ ಇದೇ ಗೋಳು. ಗೈಡ್ ಹಿಂದೆ ಬಿದ್ದು ಹೊಸ ಪ್ರೋಬ್ ತರಿಸ್ಕೊಂಡೆ, ಚಿತ್ರ ಚೆನ್ನಾಗಿ ಬಂತು, ತಪ್ಪು ಉತ್ತರಾನೂ ಅಷ್ಟೇ ಸ್ಪಷ್ಟವಾಗಿ ಬಂತು.

ನಾನು ನೋಡ್ತಿದ್ದಿದ್ದು ಕೊಬ್ಬಿನ ಆಹಾರ ತಿಂದು ದಪ್ಪಗಾಗಿದ್ದ ಇಲಿಗಳನ್ನ. ತೊಡೆಯ ಫೆಮೊರಲ್ ಆರ್ಟರಿ ಸ್ಕ್ರೀನ್ ಮೇಲೆ ಹಿಡ್ಕೊಂಡು, ಅದರ ಕೆಳಗಡೆ ಕಫ್ (ಗಾಳಿ ತುಂಬಿ ಬಿಗಿಯೋ ಪಟ್ಟಿ) ಹಾಕಿ 5 ನಿಮಿಷ ರಕ್ತ ನಿಲ್ಸಿ ಬಿಡೋದು, ಬಿಟ್ಟಾಗ ರಕ್ತ ನುಗ್ಗುತ್ತೆ, ಒಳಪದರ ಆರೋಗ್ಯವಾಗಿದ್ರೆ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳ ಹಿಗ್ಗುತ್ತೆ. ದಪ್ಪ ಇಲಿಗಳಲ್ಲಿ ಹಿಗ್ಗಿದ್ದು ಅರ್ಧಕ್ಕರ್ಧ ಕಮ್ಮಿ! ಪೋಸ್ಟರ್ ಮಾಡಿದ್ವಿ, ಪೇಪರ್ ಬರೆದು ಕಳಿಸಿದ್ವಿ. ರಿವ್ಯೂವರ್ ಕೇಳಿದ್ದು ಒಂದೇ, ಕಫ್ ಹಾಕೋ ಮುಂಚೆ ಎರಡೂ ಗ್ರೂಪಲ್ಲಿ ನಾಳದ ಅಗಲ ಎಷ್ಟಿತ್ತು?

ನಾನು ಬರೀ ಪರ್ಸೆಂಟೇಜ್ ಎತ್ತಿಟ್ಕೊಂಡಿದ್ದೆ. ಹಳೇ ಚಿತ್ರಗಳನ್ನ ಮತ್ತೆ ತೆಗೆದು ನೋಡಿದ್ರೆ ದಪ್ಪ ಇಲಿಗಳ ನಾಳ ಮೊದಲೇ ಹಿಗ್ಗಿ ಕೂತಿತ್ತು. ಸ್ಕ್ರೀನಿನ ಮೂಲೇಲಿ ಹಾರ್ಟ್ ರೇಟ್ ಕಾಣ್ಸುತ್ತಲ್ಲ, ಮಾಮೂಲಿ ಇಲಿಗಳಲ್ಲಿ 480, 500 ಇದ್ರೆ ಇವುಗಳಲ್ಲಿ 350ರ ಆಸುಪಾಸು. ಅಷ್ಟು ದಿನ ಅದು ಕಣ್ಣೆದುರಿಗೇ ಇತ್ತು. ಆಗಿದ್ದಿಷ್ಟೇ, ದಪ್ಪ ಇಲಿಗಳು ಬೇಗ ಮಲಗ್ತಿರ್ಲಿಲ್ಲ, ಕಾಲು ಅಲ್ಲಾಡಿಸ್ತವೆ ಅಂತ ನಾನು ಅರಿವಳಿಕೆ ಕೊಡೋ ಐಸೋಫ್ಲೂರೇನ್ ಗ್ಯಾಸಿನ ನಾಬ್ 1.5 ಪರ್ಸೆಂಟಿಂದ 2.5ಕ್ಕೆ ತಿರುಗಿಸಿ ಹಾಗೇ ಬಿಟ್ಬಿಡ್ತಿದ್ದೆ. ಐಸೋಫ್ಲೂರೇನ್ ತಾನೇ ರಕ್ತನಾಳ ಹಿಗ್ಗಿಸುತ್ತೆ, ಬಿಪಿ ಇಳಿಸುತ್ತೆ. ಲೆಕ್ಕ ಹಾಕಿ ನೋಡಿ: 250 ಮೈಕ್ರಾನ್ ಇರೋ ನಾಳ 275 ಆದ್ರೆ ಹತ್ತು ಪರ್ಸೆಂಟ್. ಅದೇ ನಾಳ ಅರಿವಳಿಕೆಯಿಂದ್ಲೇ 265ಕ್ಕೆ ಬಂದು ಕೂತಿದ್ರೆ, ಆಮೇಲೆ 278 ಆದ್ರೂ ಐದೇ ಪರ್ಸೆಂಟ್. ಹೊಟ್ಟೆ ತುಂಬಿದೋನಿಗೆ ಊಟ ಬಡಿಸಿ ಇವನಿಗೆ ಹಸಿವೇ ಇಲ್ಲ ಅಂದ ಹಾಗೆ. ಸಾಲದ್ದಕ್ಕೆ ಬಿಪಿ ಇಳಿದಿರೋದ್ರಿಂದ ಕಫ್ ಬಿಟ್ಟಾಗ ನುಗ್ಗೋ ರಕ್ತಾನೂ ಕಮ್ಮಿ, ಅಂದ್ರೆ ರಕ್ತ ಗೋಡೆ ಉಜ್ಕೊಂಡು ಹೋಗ್ತಾ ನಾಳಕ್ಕೆ ಹಿಗ್ಗು ಅಂತ ಹೇಳೋ ಒತ್ತಡಾನೇ ಕಮ್ಮಿ. ನಾನು ಒಳಪದರ ಕೆಟ್ಟಿದೆ ಅಂತ ಬರೆದಿದ್ದು ಬಹುಪಾಲು ನನ್ನ ಕೈಯಲ್ಲಿದ್ದ ನಾಬಿನ ಕಥೆ. ನೈಟ್ರೋಗ್ಲಿಸರಿನ್ ಕೊಟ್ಟು ನೋಡಿದ್ರೆ ಅಲ್ಲೇ ಅನುಮಾನ ಬರ್ತಿತ್ತು, ಅದು ಒಳಪದರದ ಹಂಗಿಲ್ದೆ ನೇರ ಸ್ನಾಯುವನ್ನೇ ಸಡಿಲ ಮಾಡುತ್ತೆ, ಅದಕ್ಕೂ ನಾಳ ಹಿಗ್ಗದಿದ್ರೆ ತಪ್ಪು ಬೇರೆಲ್ಲೋ ಇದೆ ಅಂತ. ಟೈಮಿಲ್ಲ ಅಂತ ಅದನ್ನ ಬಿಟ್ಟಿದ್ದೆ. ಪೇಪರ್ ವಾಪಸ್ ತಗೊಂಡು ಹೊಸ ಇಲಿಗಳಿಗೆ ಮೊದಲಿಂದ ಕೊಬ್ಬು ತಿನ್ನಿಸ್ಕೊಂಡು ಕೂತ್ವಿ, ವ್ಯತ್ಯಾಸ ಉಳೀತು, ಆದ್ರೆ ತುಂಬಾ ಚಿಕ್ಕದು.

ಹಾಗಾಗಿ ದುಡ್ಡು ಖರ್ಚು ಮಾಡೋ ಮುಂಚೆ ನಿಮ್ಮ ಹಳೇ ಫೈಲ್‌ಗಳಲ್ಲಿ ಪ್ರತಿ ಇಲಿಯ ಹಾರ್ಟ್ ರೇಟು, ಮೈ ಶಾಖ, ಶುರುವಿನ ಅಗಲ ಒಂದು ಶೀಟಲ್ಲಿ ಹಾಕಿ. ಶಾಖ 37ರ ಹತ್ತಿರ ಇಲ್ಲದಿರೋದನ್ನ ನಂಬಬೇಡಿ, ತಣ್ಣಗಿರೋ ಜೆಲ್ ಸುರಿದ್ರೆ ಅಷ್ಟು ಚಿಕ್ಕ ಪ್ರಾಣಿ ಬೇಗ ತಣ್ಣಗಾಗುತ್ತೆ. ಯಾವ ಇಲಿ ಯಾವ ಗ್ರೂಪು ಅಂತ ಸ್ಕ್ಯಾನ್ ಮಾಡೋರಿಗೆ ಗೊತ್ತಿರಬಾರ್ದು. ಪ್ರೋಬ್ ಕೈಯಲ್ಲಿ ಹಿಡೀಬೇಡಿ, ಸ್ಟ್ಯಾಂಡಿಗೆ ಹಾಕಿ, ಪಕ್ಕದ ವೇಯ್ನ್ (ರಕ್ತ ವಾಪಸ್ ಒಯ್ಯೋ ನಾಳ) ಚಪ್ಪಟೆ ಆಗಿ ಕಾಣ್ತಿದ್ರೆ ಒತ್ತಿದೀರ ಅಂತಾನೇ ಅರ್ಥ. ರಕ್ತದ ವೇಗ ಅಳೆಯೋ ಡಾಪ್ಲರ್‌ನ ಆಂಗಲ್ (ಅಲ್ಟ್ರಾಸೌಂಡ್ ಕಿರಣಕ್ಕೂ ರಕ್ತ ಹರಿಯೋ ದಿಕ್ಕಿಗೂ ನಡುವಿನ ಕೋನ) 60 ಡಿಗ್ರಿ ದಾಟಿಸ್ಬೇಡಿ, ಅಲ್ಲಿ 5 ಡಿಗ್ರಿ ತಪ್ಪಿದ್ರೂ ವೇಗದ ಲೆಕ್ಕ 15 ಪರ್ಸೆಂಟ್ ಹತ್ರ ತಪ್ಪುತ್ತೆ.

ಇನ್ನು ಪ್ರೋಬ್. 40 ಮೆಗಾಹರ್ಟ್ಜ್‌ನಲ್ಲಿ ತರಂಗದ ಉದ್ದವೇ 38 ಮೈಕ್ರಾನ್ ಚಿಲ್ಲರೆ, ನೀವು ಹುಡುಕ್ತಿರೋ ಹಿಗ್ಗು 25 ಮೈಕ್ರಾನ್. ಅದನ್ನ ಒಂದು ಫ್ರೇಮಲ್ಲಿ ಯಾರೂ ನಿಖರವಾಗಿ ಅಳೆಯಕ್ಕಾಗಲ್ಲ, ಇಸಿಜಿ ನೋಡ್ಕೊಂಡು ಹೃದಯ ಸಡಿಲವಾಗಿರೋ ಒಂದೇ ಹಂತದ ಫ್ರೇಮ್‌ಗಳನ್ನ ಆರಿಸಿ, ಗೋಡೆ ಗುರುತಿಸೋ ಸಾಫ್ಟ್‌ವೇರಲ್ಲಿ ಸರಾಸರಿ ತೆಗೀಬೇಕು. ಅದಕ್ಕಿಂತ ನಾನಾಗಿದ್ರೆ ಮೌಸ್ ಬಿಟ್ಟು ರ್ಯಾಟ್ (ದೊಡ್ಡ ಜಾತಿ ಇಲಿ) ತಗೋತಿದ್ದೆ, ಅದರ ಆರ್ಟರಿ ದುಪ್ಪಟ್ಟಿಗಿಂತ ಅಗಲ, ನಿಮ್ಮತ್ರ ಈಗಿರೋ ಪ್ರೋಬೇ ಧಾರಾಳವಾಯ್ತು. ಜೀನ್ ತೆಗೆದ ಮೌಸೇ ಬೇಕು ಅನ್ನೋ ಹಾಗಿದ್ರೆ ಮಾತ್ರ 55 ಮೆಗಾಹರ್ಟ್ಜ್ ಪ್ರೋಬಿನ ಕೊಟೇಶನ್ ತರ್ಸಿ, ಅದೂ ಆ ಶೀಟ್ ನೋಡಿದ ಮೇಲೆ.